ಮಗನನ್ನು ಬಾಯ್ಸ್ ಸ್ಟೇಟ್‌ಗೆ ಕಳಿಸಬೇಕಾ?

ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು, ಮಕ್ಕಳು ಹನ್ನೊಂದನೇ ಕ್ಲಾಸಿಗೆ ಕಾಲಿಡುತ್ತಿದ್ದಂತೆ ಕೇಳುವ ಪ್ರಶ್ನೆ ಇದು: "ಸ್ಕೂಲಿನ ಕೌನ್ಸೆಲರ್ ಬಾಯ್ಸ್ ಸ್ಟೇಟ್‌ಗೆ ಹೆಸರು ಕೊಡ್ತೀರಾ ಅಂತ ಕೇಳಿದ್ದಾರೆ. ಏನದು? ಕಳಿಸಿದ್ರೆ ಕಾಲೇಜ್ ಅಡ್ಮಿಷನ್‌ಗೆ ಉಪಯೋಗ ಆಗುತ್ತಾ?"

ಬಾಯ್ಸ್ ಸ್ಟೇಟ್ ಅಂದರೆ ಹೈಸ್ಕೂಲ್ ಹುಡುಗರು ಸುಮಾರು ಒಂದು ವಾರ ಒಟ್ಟಿಗಿದ್ದು, ತಾವೇ ಚುನಾವಣೆ, ಶಾಸನಸಭೆ ನಡೆಸಿ ಒಂದು ಅಣಕು ರಾಜ್ಯ ಆಳಿ ನೋಡುವ ಬೇಸಿಗೆ ಶಿಬಿರ.

ಕಳಿಸಿ. ಆದರೆ ಅಡ್ಮಿಷನ್ ಲೆಕ್ಕ ಹಾಕಿಕೊಂಡು ಕಳಿಸಬೇಡಿ. ಒಂದು ಮಸೂದೆ ಬರೆದು, ಅದನ್ನು ಹಟ ಹಿಡಿದು ಮತಕ್ಕೆ ಹಾಕಿಸಿ, ಪಾಸಾಯಿತೋ ಬಿತ್ತೋ ಕಣ್ಣಾರೆ ನೋಡಿ ಬರಲಿ ಅಂತ ಕಳಿಸಿ. ಹದಿನಾರು ಹದಿನೇಳರ ವಯಸ್ಸಿಗೆ ಆ ಅವಕಾಶ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಇದನ್ನು ನಡೆಸುವುದು ಅಮೆರಿಕನ್ ಲೀಜನ್, ಅಂದರೆ 1919ರಲ್ಲಿ ಹುಟ್ಟಿದ ಮಾಜಿ ಸೈನಿಕರ ಸಂಘ. ಯುರೋಪಿನಲ್ಲಿ ಸರ್ವಾಧಿಕಾರಿಗಳು ಎಳೆಯರನ್ನು ಕವಾಯತಿಗೆ ನಿಲ್ಲಿಸುತ್ತಿದ್ದ ಕಾಲ. ಅಮೆರಿಕದಲ್ಲೂ ಎಳೆಯರಿಗೆ ಕಮ್ಯುನಿಸ್ಟ್ ಒಲವಿನ ಯಂಗ್ ಪಯೋನಿಯರ್ ಶಿಬಿರಗಳು ನಡೆಯುತ್ತಿದ್ದವು. ಅದಕ್ಕೆ ಎದುರಾಗಿ ಹುಡುಗರಿಗೆ ಪ್ರಜಾಪ್ರಭುತ್ವವನ್ನು ಮಾಡಿಸಿಯೇ ಕಲಿಸಬೇಕು ಅಂತ ಹೇಯ್ಸ್ ಕೆನಡಿ ಮತ್ತು ಹೆರಾಲ್ಡ್ ಕಾರ್ಡ್ ಎಂಬ ಇಬ್ಬರು 1935ರ ಜೂನ್‌ನಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮೊದಲ ಶಿಬಿರ ನಡೆಸಿದರು. ಹುಡುಗಿಯರಿಗೆ ಗರ್ಲ್ಸ್ ಸ್ಟೇಟ್ ಇದೆ. ಅದು ಲೀಜನ್ ಆಕ್ಸಿಲಿಯರಿ ಎಂಬ ಸಹ ಸಂಘಟನೆಯದು. ಅರ್ಜಿ ಬೇರೆ, ತಾರೀಖು ಬೇರೆ, ಆದರೆ ಕೆಳಗೆ ಹೇಳುವ ಮಾತುಗಳಲ್ಲಿ ಹೆಚ್ಚಿನವು ಮಗಳಿಗೂ ಅನ್ವಯಿಸುತ್ತವೆ.

ಜೂನ್ ಆಸುಪಾಸು, ಸುಮಾರು ಒಂದು ವಾರ, ಸಾಮಾನ್ಯವಾಗಿ ಯಾವುದಾದರೂ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ವಾಸ. ಬಂದವರನ್ನು ಊರುಗಳಾಗಿ, ಕೌಂಟಿಗಳಾಗಿ ಹಂಚುತ್ತಾರೆ. ಜೊತೆಗೆ ಫೆಡರಲಿಸ್ಟ್, ನ್ಯಾಷನಲಿಸ್ಟ್ ಎಂಬ ಎರಡು ಕಲ್ಪಿತ ಪಕ್ಷಗಳು. ಯಾರು ಯಾವ ಪಕ್ಷ ಅನ್ನುವುದು ಚೀಟಿ ಎತ್ತಿದಂತೆ. ಮನೆಯಲ್ಲಿ ನೀವು ಯಾರಿಗೆ ಓಟು ಹಾಕುತ್ತೀರಿ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪಕ್ಷದ ಪ್ರಣಾಳಿಕೆಯನ್ನು ಹುಡುಗರೇ ಕೂತು ಬರೆಯಬೇಕು. ಚುನಾವಣೆಗಳು ಹಂತಹಂತವಾಗಿ: ಮೊದಲು ಊರಿನ ಕೌನ್ಸಿಲ್, ಮೇಯರ್, ಆಮೇಲೆ ಕೌಂಟಿ, ಕೊನೆಗೆ ಶಾಸನಸಭೆ, ಗವರ್ನರ್.

ಇಲ್ಲಿ ನಮ್ಮವರಿಗೆ ಒಂದು ಗೊಂದಲ ಆಗುತ್ತದೆ. ಕರ್ನಾಟಕದ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದ ಗವರ್ನರ್ ಜನರಿಂದ ನೇರವಾಗಿ ಆರಿಸಿ ಬರುವವರು. ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಕೌಂಟಿಯನ್ನು ಜಿಲ್ಲೆ ಅಂತ ಅಂದುಕೊಳ್ಳಬಹುದು, ಆದರೆ ಅಲ್ಲಿನ ಶೆರಿಫ್, ಕ್ಲರ್ಕ್ ಮುಂತಾದವರು ಬಹಳ ಕಡೆ ಚುನಾವಣೆ ಗೆದ್ದೇ ಬರಬೇಕು. ಮಗ "ಕೌಂಟಿ ಕ್ಲರ್ಕ್ ಆದೆ" ಅಂತ ಫೋನ್ ಮಾಡಿದರೆ "ಗುಮಾಸ್ತನಾ?" ಅಂತ ಕೇಳಬೇಡಿ. ಅದು ಗೆದ್ದ ಹುದ್ದೆ.

ಗವರ್ನರ್ ಹುದ್ದೆಯ ಮೇಲೆ ಎಲ್ಲರಿಗೂ ಕಣ್ಣು. ದೊಡ್ಡ ಭಾಷಣವೊಂದನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದ ಹುಡುಗರು ತಮ್ಮದೇ ಊರಿನ ಓಟಿನಲ್ಲಿ ಸೋಲುತ್ತಾರೆ. ಕಾರಣ ಸರಳ: ಮೊದಲ ರಾತ್ರಿ ಪಕ್ಕದ ರೂಮಿನವನ ಹೆಸರು ಕೇಳಿರಲಿಲ್ಲ. ಮೊದಲ ದಿನ ಮಾತಿಗಿಂತ ಪರಿಚಯವೇ ಮುಖ್ಯ. ನಮ್ಮ ಹೆಸರು ಉದ್ದ ಅಂತ ಮೊಟಕು ಮಾಡಿಕೊಳ್ಳುವ ಅಗತ್ಯವೂ ಇಲ್ಲ. ನಿಧಾನವಾಗಿ, ಬಿಡಿಸಿ, ಎರಡು ಸಲ ಹೇಳಿದರೆ ಬ್ಯಾಲೆಟ್ ಮೇಲೆ ಕಂಡಾಗ ಗುರುತು ಹಿಡಿಯುತ್ತಾರೆ. ಮಾತು ಕಡಿಮೆಯ ಹುಡುಗನಿಗೆ ಕೋರ್ಟಿನ ದಾರಿ ಇದೆ. ಹಲವು ರಾಜ್ಯಗಳ ಶಿಬಿರಗಳಲ್ಲಿ ವಕೀಲ, ನ್ಯಾಯಾಧೀಶ ಆಗಬೇಕೆನ್ನುವವರಿಗೆ ಒಂದು ಪುಟ್ಟ ಬಾರ್ ಪರೀಕ್ಷೆ ಇಡುತ್ತಾರೆ. ಕೊಟ್ಟ ಕೈಪಿಡಿಯನ್ನು ಓದಿದವನು ಪಾಸಾಗುತ್ತಾನೆ.

ನನ್ನ ಮಟ್ಟಿಗೆ ಶಿಬಿರದ ಜೀವ ಇರುವುದು ಶಾಸನಸಭೆಯಲ್ಲಿ. ಎಚ್-4 ವೀಸಾದಲ್ಲಿ, ಅಂದರೆ ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಆಸರೆಯಲ್ಲಿ ಇರುವ ಹುಡುಗನ ಮನಸ್ಸಿಗೆ ಬರುವ ಮೊದಲ ಮಸೂದೆ ಗ್ರೀನ್ ಕಾರ್ಡ್ ಬಗ್ಗೆ. ಇಪ್ಪತ್ತೊಂದು ತುಂಬಿದರೆ ಆ ವೀಸಾ ಮುಗಿಯುತ್ತದೆ ಅನ್ನುವ ಭಯ ಮನೆಯಲ್ಲಿ ದಿನಾ ಮಾತಾಡುವ ವಿಷಯ, ಸಹಜವೇ. ಆದರೆ ವಲಸೆ ಕಾನೂನು ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ ಕೈಯಲ್ಲಿದೆ. "ಇದು ರಾಜ್ಯದ ಅಧಿಕಾರವಲ್ಲ" ಅಂತ ಒಬ್ಬ ಎದ್ದು ನಿಂತರೆ ಮಸೂದೆ ಅಲ್ಲಿಗೇ ಮುಗಿಯಿತು. ಅದೇ ಸಂಕಟಕ್ಕೆ ರಾಜ್ಯದ ಕೈಯಲ್ಲಿರುವ ಒಂದು ಪರಿಹಾರವನ್ನು ಹುಡುಕಬಹುದು: ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸ್ಥಳೀಯರ ಫೀಸು. ಯಾರನ್ನು ಸ್ಥಳೀಯರೆಂದು ಲೆಕ್ಕ ಹಾಕಬೇಕು ಅನ್ನುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಬರೆಯುವಾಗ ವಾಕ್ಯ ಹೀಗಿರಲಿ: "ಈ ರಾಜ್ಯದ ಹೈಸ್ಕೂಲಿನಲ್ಲಿ ಕನಿಷ್ಠ ಎರಡು ವರ್ಷ ಓದಿ, ಇಲ್ಲೇ ತೇರ್ಗಡೆಯಾದ ವಿದ್ಯಾರ್ಥಿಗೆ ಪೋಷಕರ ವೀಸಾ ಯಾವುದೇ ಇದ್ದರೂ ಸ್ಥಳೀಯ ಫೀಸು ಅನ್ವಯಿಸತಕ್ಕದ್ದು." ಆಮೇಲೆ ಪದಗಳ ವ್ಯಾಖ್ಯೆ, ದಾಖಲೆ ಪರಿಶೀಲಿಸುವವರು ಯಾರು, ಖರ್ಚು ಎಲ್ಲಿಂದ, ಯಾವ ದಿನದಿಂದ ಜಾರಿ. ಒಂದು ಪುಟ ಸಾಕು. ಎಳೆಯರ ಮಸೂದೆಗಳು ಸಾಮಾನ್ಯವಾಗಿ ಬೀಳುವುದು ಖರ್ಚಿನ ಸಾಲಿನಲ್ಲಿ. "ಫೀಸು ಕಡಿಮೆ ಮಾಡಿದರೆ ವಿಶ್ವವಿದ್ಯಾಲಯಕ್ಕೆ ಆಗುವ ನಷ್ಟ ತುಂಬುವವರು ಯಾರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಮಸೂದೆಯಲ್ಲೇ ಬರೆದಿಟ್ಟವನು ಗೆಲ್ಲುತ್ತಾನೆ. ಸಭೆಯ ನಡಾವಳಿಯನ್ನೂ ಕಲಿತಿರಬೇಕು: ಪ್ರಸ್ತಾವ, ಅನುಮೋದನೆ, ತಿದ್ದುಪಡಿ, ಮತ. ಸಾಮಾನ್ಯವಾಗಿ ಬಳಸುವ ರಾಬರ್ಟ್ಸ್ ರೂಲ್ಸ್ ಪ್ರಕಾರ ಚರ್ಚೆ ನಿಲ್ಲಿಸಿ ಮತಕ್ಕೆ ಹೋಗಲು ಮೂರನೇ ಎರಡರಷ್ಟು ಮತ ಬೇಕು. ಇದೊಂದು ಗೊತ್ತಿಲ್ಲದೆ ಒಳ್ಳೆಯ ಮಸೂದೆಗಳು ಚರ್ಚೆಯಲ್ಲೇ ಸಮಯ ಮೀರಿ ಸತ್ತುಹೋಗುತ್ತವೆ.

ಇನ್ನು ಸೇರುವ ದಾರಿ. ಹನ್ನೊಂದನೇ ಕ್ಲಾಸು ಮುಗಿಸಿ ಹನ್ನೆರಡಕ್ಕೆ ಹೋಗುವ ನಡುವಿನ ಬೇಸಿಗೆಯೇ ಇದರ ಕಾಲ. ಹನ್ನೆರಡರಲ್ಲಿ ಕೇಳಿದರೆ ತಡವಾಯಿತು. ಚಳಿಗಾಲದಲ್ಲೇ ಕೌನ್ಸೆಲರ್ ಹತ್ತಿರ ಮಾತಾಡಿ. ಸ್ಕೂಲಿಗೆ ಗೊತ್ತಿಲ್ಲದಿದ್ದರೆ ಊರಿನ ಲೀಜನ್ ಶಾಖೆಗೆ, ಅಂದರೆ ಪೋಸ್ಟ್‌ಗೇ ಹೋಗಿ ಕೇಳಿ. ಮನೆಯಲ್ಲಿ ಸೈನಿಕರು ಇರಬೇಕೆಂದಿಲ್ಲ. ಪೌರತ್ವದ ನಿಯಮವನ್ನು ಮಾತ್ರ ಅರ್ಜಿ ತುಂಬುವ ಮೊದಲೇ ನಿಮ್ಮ ರಾಜ್ಯದ ಕಚೇರಿಗೆ ಬರೆದು ಖಚಿತಪಡಿಸಿಕೊಳ್ಳಿ. ಪೋಸ್ಟಿನಲ್ಲಿ ಸಂದರ್ಶನ ಮಾಡುವವರು ವಯಸ್ಸಾದ ಮಾಜಿ ಸೈನಿಕರು. "ನಮ್ಮ ಊರಲ್ಲಿ ಏನು ಸರಿ ಹೋಗಬೇಕು?" ಅಂತ ಕೇಳುವ ಸಾಧ್ಯತೆ ಹೆಚ್ಚು. ಅದಕ್ಕೆ ಮುಂಚೆ ಒಂದು ಸಿಟಿ ಕೌನ್ಸಿಲ್ ಸಭೆಗೆ ಹೋಗಿ ಕೂತು ಬಂದರೆ ಉತ್ತರ ತಾನಾಗಿ ಬರುತ್ತದೆ.

ಹೆಚ್ಚಿನ ಖರ್ಚನ್ನು ಪೋಸ್ಟು ಅಥವಾ ಸ್ಥಳೀಯ ದಾನಿಗಳು ಭರಿಸುತ್ತಾರೆ. "ನಿಮ್ಮ ಮಗ ನಾಮನಿರ್ದೇಶನಗೊಂಡಿದ್ದಾನೆ" ಅಂತ ಸಾವಿರಾರು ಡಾಲರ್ ಕೇಳಿ ಮನೆಗೆ ಬರುವ ಹೊಳಪು ಕಾಗದದ ಪತ್ರಗಳೇ ಬೇರೆ. ಅವನ್ನು ಇದರ ಜೊತೆ ಬೆರೆಸಬೇಡಿ. ಸ್ಯಾಮ್‌ಸಂಗ್ ಹೆಸರಿನ ವಿದ್ಯಾರ್ಥಿವೇತನವೊಂದು ಇಲ್ಲಿಗೆ ಬಂದವರಿಗೆ ಇದೆ, ಆದರೆ ಅದು ಯುದ್ಧಕಾಲದಲ್ಲಿ ಸೇವೆ ಮಾಡಿದ ಅಮೆರಿಕನ್ ಸೈನಿಕರ ವಂಶದವರಿಗೆ ಮಾತ್ರ. ನಮ್ಮಲ್ಲಿ ಬಹುತೇಕರಿಗೆ ಅನ್ವಯಿಸುವುದಿಲ್ಲ.

ಅಡ್ಮಿಷನ್ ಬಗ್ಗೆ: ಅರ್ಜಿಯಲ್ಲಿ ಒಂದು ಗೌರವದ ಸಾಲು, ಅಷ್ಟೇ. ಪ್ರತಿ ರಾಜ್ಯದ ಶಿಬಿರದಿಂದ ಇಬ್ಬರು ವಾಷಿಂಗ್ಟನ್‌ನಲ್ಲಿ ನಡೆಯುವ ಬಾಯ್ಸ್ ನೇಷನ್‌ಗೆ ಹೋಗುತ್ತಾರೆ. 1963ರ ಜುಲೈನಲ್ಲಿ ಹದಿನಾರರ ಬಿಲ್ ಕ್ಲಿಂಟನ್ ಅಧ್ಯಕ್ಷ ಕೆನಡಿಯವರ ಕೈ ಕುಲುಕಿದ ಫೋಟೊ ಅಲ್ಲಿಯದೇ.

ಊಟದ ವಿಷಯ ಅಮ್ಮಂದಿರು ಕೇಳುತ್ತಾರೆ. ಆರೋಗ್ಯದ ಫಾರಂನಲ್ಲಿ "ವೆಜಿಟೇರಿಯನ್" ಅಂತಷ್ಟೇ ಬರೆಯದೆ ಮೊಟ್ಟೆ, ಜೆಲಟಿನ್ ತಿನ್ನುತ್ತಾನೋ ಇಲ್ಲವೋ ಅದನ್ನೂ ಬರೆಯಿರಿ. ಹಾಸಿಗೆ ಬಟ್ಟೆ ತರಲು ಹೇಳಿದ್ದರೆ ಟ್ವಿನ್ ಎಕ್ಸ್‌ಎಲ್ ಹೊದಿಕೆ ಕಳಿಸಿ. ಹಾಸ್ಟೆಲ್ ಹಾಸಿಗೆ 80 ಇಂಚು ಉದ್ದ ಇರುವುದೇ ಹೆಚ್ಚು, ಮನೆಯ ಸಾಮಾನ್ಯ ಟ್ವಿನ್ ಬೆಡ್‌ಶೀಟ್ ಮೂಲೆಗೆ ಎಟುಕುವುದಿಲ್ಲ.

ಬೆಂಗಳೂರಿಗೆ ಟಿಕೆಟ್ ಬುಕ್ ಮಾಡುವ ಮೊದಲು ಶಿಬಿರದ ತಾರೀಖು ನೋಡಿ. ಜೂನ್ ಮೊದಲ ವಾರಕ್ಕೆ ಟಿಕೆಟ್ ತೆಗೆದು, ಏಪ್ರಿಲ್‌ನಲ್ಲಿ ಆಯ್ಕೆಯಾಗಿ, ಮೇ ಕೊನೆಗೆ "ಬರಲ್ಲ" ಅನ್ನುವ ಮನೆಗಳು ನಮ್ಮವರಲ್ಲಿ ಕಡಿಮೆಯೇನಿಲ್ಲ. ಅಷ್ಟೊತ್ತಿಗೆ ಪೋಸ್ಟು ಹಣ ಕಟ್ಟಿರುತ್ತದೆ, ಕಾಯುವ ಪಟ್ಟಿಯಲ್ಲಿದ್ದ ಹುಡುಗ ಬೇರೆ ಕೆಲಸ ಹಿಡಿದಿರುತ್ತಾನೆ. ಮುಂದಿನ ವರ್ಷ ಅದೇ ಸ್ಕೂಲಿನಿಂದ ಇನ್ನೊಬ್ಬ ಕನ್ನಡದ ಹುಡುಗ ಸಂದರ್ಶನಕ್ಕೆ ಬಂದಾಗ ಅದೇ ಹಿರಿಯರು ಮೊದಲು ಕೇಳುವುದು, "ಜೂನ್‌ನಲ್ಲಿ ಊರಲ್ಲಿರುತ್ತೀಯಾ?"