ಕಲಾಕ್ಷೇತ್ರಕ್ಕೆ ಹೋದರೆ ಹಿತ್ತಿಲನ್ನೂ ನೋಡಿ

ಬೆಂಗಳೂರಿಗೆ ಹೊಸದಾಗಿ ಬಂದವರು "ಕನ್ನಡ ನಾಟಕ ಎಲ್ಲಿ ನೋಡೋದು?" ಅಂತ ಕೇಳಿದರೆ ನಾನು ಮೊದಲು ಹೇಳುವುದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಇದಕ್ಕಿಂತ ಮೆತ್ತನೆಯ ಸೀಟು, ತಣ್ಣನೆಯ ಏಸಿ ಇರುವ ಸಭಾಂಗಣಗಳು ಊರಲ್ಲಿ ಬೇಕಾದಷ್ಟಿವೆ. ಆದರೆ ನಾಟಕದವರು ಕೆಲಸ ಇಲ್ಲದಿದ್ದರೂ ಸುಮ್ನೆ ಬಂದು ಕೂರುವ ಜಾಗ ಇದು. ನಾನು ಹವ್ಯಾಸಿ ತಂಡವೊಂದರಲ್ಲಿ ಲೈಟ್ ಕೆಲಸ ಮಾಡುತ್ತೇನೆ. ಮುಂಬಾಗಿಲಿಗಿಂತ ಹಿಂಬಾಗಿಲಿಂದ ಒಳಗೆ ಹೋದದ್ದೇ ಜಾಸ್ತಿ. ಆ ಸಲಿಗೆಯಿಂದ ಇದನ್ನು ಬರೆಯುತ್ತಿದ್ದೇನೆ.

ರವೀಂದ್ರನಾಥ ಟ್ಯಾಗೋರರು ಹುಟ್ಟಿದ್ದು 1861ರಲ್ಲಿ. ಅವರ ನೂರು ವರ್ಷದ ನೆನಪಿಗೆ ದೇಶದ ಹಲವು ನಗರಗಳಲ್ಲಿ ರಂಗಮಂದಿರಗಳು ಎದ್ದವು. ಹೈದರಾಬಾದಿನ ರವೀಂದ್ರ ಭಾರತಿ, ಕೋಲ್ಕತ್ತದ ರವೀಂದ್ರ ಸದನ ಹಾಗೆ ಬಂದವು. ನಮ್ಮದು 1963ರಲ್ಲಿ ಶುರುವಾಯಿತು. ಟ್ಯಾಗೋರರು ಕವಿ ಅಂತ ಎಲ್ಲರಿಗೂ ಗೊತ್ತು. ಅವರು ನಾಟಕ ಬರೆದು, ಆಡಿಸಿ, ತಾವೇ ಬಣ್ಣ ಹಚ್ಚಿದವರು ಕೂಡ. ಹಾಗಾಗಿ ರಂಗಮಂದಿರಕ್ಕೆ ಅವರ ಹೆಸರು ಚೆನ್ನಾಗಿ ಒಪ್ಪುತ್ತದೆ.

ಈ ಸುತ್ತಮುತ್ತ ಮೊದಲಿನಿಂದಲೂ ಸಭೆ, ನಾಟಕದ ಗಾಳಿ ಇದೆ. ಹತ್ತಿರದಲ್ಲೇ 1935ರ ಪುಟ್ಟಣ್ಣ ಚೆಟ್ಟಿ ಪುರಭವನ. ಇದೇ ರಸ್ತೆಯಲ್ಲಿ ಎಡಿಎ ರಂಗಮಂದಿರ. ಅದನ್ನು ಕಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1909ರಷ್ಟು ಹಳೆಯದು.

ಆದರೆ ನನ್ನನ್ನು ಕೇಳಿದರೆ ಕಲಾಕ್ಷೇತ್ರದ ದೊಡ್ಡ ಕಥೆ ನಡೆದದ್ದು ಕಟ್ಟಡದ ಒಳಗಲ್ಲ, ಹಿಂದಿನ ಬಯಲಲ್ಲಿ. 1972ರಲ್ಲಿ ಬಿ.ವಿ. ಕಾರಂತರು ಮೂರು ನಾಟಕಗಳನ್ನು ಅಲ್ಲಿ ಆಡಿಸಿದರು. ಲಂಕೇಶರು ಕನ್ನಡಕ್ಕೆ ತಂದ 'ಈಡಿಪಸ್', ಅವರದೇ 'ಸಂಕ್ರಾಂತಿ', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. ಒಂದು ಗ್ರೀಸಿನ ಕಥೆ, ಒಂದು ಬಸವಣ್ಣನ ಕಾಲದ್ದು, ಇನ್ನೊಂದು ಉತ್ತರ ಕರ್ನಾಟಕದ ಹಳ್ಳಿಯ ಆಚರಣೆಯಿಂದ ಹುಟ್ಟಿದ್ದು. ಒಳಗೆ ಒಳ್ಳೆಯ ವೇದಿಕೆ, ಪರದೆ, ಸೀಟು ಎಲ್ಲ ಇದ್ದಾಗ ಹೊರಗೆ ಬಂದು ಆಕಾಶದ ಕೆಳಗೆ ಆಡುವುದು ಸಣ್ಣ ತೀರ್ಮಾನವಲ್ಲ. ಲೈಟ್ ಮಾಡುವವಳಾಗಿ ನನಗೆ ಅದರ ಕಷ್ಟ ಗೊತ್ತು. ಬಯಲಲ್ಲಿ ಗೋಡೆ ಇಲ್ಲ, ಬೆಳಕು ಹಿಡಿದು ನಿಲ್ಲಿಸಲು ಏನೂ ಇಲ್ಲ. ಗಾಳಿ ಬಂದರೆ ಮಾತು ಹಾರಿಹೋಗುತ್ತದೆ. ನಟರು ಮೈಪೂರ್ತಿ ಬಳಸಿ ಆಡಲೇಬೇಕು. ಹಾಡು, ಕುಣಿತ, ಮೇಳ ಹೊಸ ಕನ್ನಡ ನಾಟಕದಲ್ಲಿ ಅಷ್ಟು ಗಟ್ಟಿಯಾಗಿ ನಿಂತದ್ದರಲ್ಲಿ ಆ ಬಯಲಿನ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ.

ಈಗ ಹಿಂದೆ ಇರುವುದು ಸಂಸ ಬಯಲು ರಂಗಮಂದಿರ. ಸಂಸ ಅಂದರೆ ಎ.ಎನ್. ಸ್ವಾಮಿ ವೆಂಕಟಾದ್ರಿ ಅಯ್ಯರ್. ಯಳಂದೂರಿನ ಹತ್ತಿರದ ಅಗರದವರು. ಮೈಸೂರು ಅರಸರ ಕಾಲವನ್ನು ಹಿಡಿದು, ಹಳೆಗನ್ನಡದ ಬಿಗಿಯಲ್ಲಿ ನಾಟಕ ಬರೆದವರು. ಒಂದೆಡೆ ನಿಲ್ಲದೆ ಊರೂರು ಅಲೆದರು. ಪೊಲೀಸರು ಬೆನ್ನು ಹತ್ತಿದ್ದಾರೆ ಎಂಬ ಭಯ ಅವರನ್ನು ಕೊನೆವರೆಗೂ ಬಿಡಲಿಲ್ಲ. 1939ರಲ್ಲಿ ತೀರಿಕೊಂಡರು. ಬರೆದದ್ದರಲ್ಲಿ ಬಹುಪಾಲು ಕಳೆದುಹೋಗಿ ಬೆರಳೆಣಿಕೆಯ ನಾಟಕಗಳಷ್ಟೇ ನಮಗೆ ಸಿಕ್ಕಿವೆ. ಅಂಥವರ ಹೆಸರನ್ನು ಇವತ್ತಿನ ಹುಡುಗರು "ಸಂಸದಲ್ಲಿ ಶೋ ಇದೆ, ಬಾ" ಅಂತ ದಿನಾ ಹೇಳುತ್ತಾರಲ್ಲ, ಅದು ನನಗೆ ತುಂಬಾ ಖುಷಿ ಕೊಡುತ್ತದೆ.

ಇನ್ನು ಹೋಗುವ ವಿಚಾರ. ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ನಡೆದೇ ಬರಬಹುದು. ಕಾರು ತರದಿರುವುದೇ ವಾಸಿ. ಜೆ.ಸಿ. ರಸ್ತೆಯ ಸಂಜೆ ಟ್ರಾಫಿಕ್ಕಿನಲ್ಲಿ ಮೊದಲ ದೃಶ್ಯ ತಪ್ಪಿಸಿಕೊಂಡವರನ್ನು ಬಹಳ ನೋಡಿದ್ದೇನೆ. ಹಲವು ನಾಟಕಗಳಿಗೆ ಟಿಕೆಟ್ ಬಾಗಿಲಲ್ಲೇ ಸಿಗುತ್ತದೆ, ಸರ್ಕಾರಿ ಉತ್ಸವಗಳಿಗೆ ಸಾಮಾನ್ಯವಾಗಿ ಟಿಕೆಟ್ಟೇ ಇರುವುದಿಲ್ಲ. ಸಭಾಂಗಣದಲ್ಲಿ ಕೆಳಗೆ ಒಂದು ಭಾಗ, ಮೇಲೆ ಬಾಲ್ಕನಿ. ವಯಸ್ಸಾದವರ ಜೊತೆ ಬಂದರೆ ಬೇಗ ಬಂದು ಕೆಳಗೇ ಕೂರಿ. ನಟರ ಮುಖ ಕಾಣಬೇಕು ಅನ್ನುವವರಿಗೂ ಅದೇ ಮಾತು. ಆದರೆ ನೃತ್ಯ ಇದ್ದ ದಿನ ನಾನು ಬಾಲ್ಕನಿಗೇ ಹೋಗುತ್ತೇನೆ. ಹೆಜ್ಜೆಗಳ ವಿನ್ಯಾಸ ಮೇಲಿಂದ ನೋಡಿದರೇ ಚೆಂದ.

ಪಕ್ಕದ ಕನ್ನಡ ಭವನದಲ್ಲಿ ನಯನ ಅನ್ನುವ ಸಣ್ಣ ಸಭಾಂಗಣ ಇದೆ. ಪುಸ್ತಕ ಬಿಡುಗಡೆ, ಚಿಕ್ಕ ನಾಟಕ ಅಲ್ಲಿ ನಡೆಯುತ್ತವೆ. ಒಂದೇ ಸಂಜೆ ಮೂರೂ ಕಡೆ ಕಾರ್ಯಕ್ರಮ ಇರುವುದುಂಟು. ಅಂಥ ದಿನ ಸ್ವಲ್ಪ ಮುಂಚೆ ಬಂದು ಆವರಣ ಸುತ್ತಿ. ಎಲ್ಲೋ ಒಂದು ಕಡೆ ಮಾತು ಬಾಯಿಪಾಠ ಮಾಡುತ್ತಾ ಓಡಾಡುವ ಹುಡುಗಿ, ಇನ್ನೊಂದು ಕಡೆ ಸೆಟ್ ಇಳಿಸುವ ಟೆಂಪೋ, ಕೈಯಲ್ಲಿ ಚಹಾ ಹಿಡಿದು ಹಳೆಯ ಪ್ರದರ್ಶನದ ಬಗ್ಗೆ ಜಗಳವಾಡುವ ಹಿರಿಯರು.

ಇದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ರಂಗಮಂದಿರ. ಅದಕ್ಕೇ ನನ್ನದೊಂದು ಬೇಡಿಕೆ. ದುರಸ್ತಿ ಆಗಲಿ, ಒಳ್ಳೆಯ ಲೈಟು, ಸೌಂಡು ಬರಲಿ. ಅದರ ಖರ್ಚು ಮಾತ್ರ ಬಾಡಿಗೆಯಾಗಿ ಹವ್ಯಾಸಿ ತಂಡಗಳ ಮೇಲೆ ಬೀಳಬಾರದು. ಆಫೀಸು ಮುಗಿಸಿ ಬಂದು, ತಿಂಗಳುಗಟ್ಟಲೆ ತಾಲೀಮು ಮಾಡಿ, ಕೈಯಿಂದ ಹಣ ಹಾಕಿ ನಾಟಕ ಕಟ್ಟುವವರು ಇವರು. ಬಾಡಿಗೆ ಏರಿದರೆ ಮೊದಲು ನಿಲ್ಲುವುದು ಇವರ ಶೋ. ನೋಡುವವರು ನೀವು ಮಾಡಬಹುದಾದದ್ದೂ ಇದೆ. ಪಾಸ್ ಕೇಳಬೇಡಿ, ಟಿಕೆಟ್ ಕೊಂಡು ಬನ್ನಿ.