ಹೊಸ ಕ್ಯಾಲಿಪರ್, ಮೆತ್ತನೆಯ ಪೆಡಲ್

ತೀರ್ಥಹಳ್ಳಿ, 9 ಜೂನ್ 2024, ಭಾನುವಾರ

ಮಾರುತಿ 800ರ ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ), ಹಿಂದಿನ ವೀಲ್ ಸಿಲಿಂಡರ್, ಅದು ಡ್ರಮ್ಮಿಗೆ ಒತ್ತುವ ಲೈನರ್, ಬ್ರೇಕ್ ಆಯಿಲ್ ಎಲ್ಲವೂ ಹೊಸದಾಗಿವೆ. ಬ್ರೇಕ್ ಮಾತ್ರ ಮೊದಲಿಗಿಂತ ಕೆಟ್ಟಿದೆ. ಪೆಡಲ್ ಒತ್ತಿದರೆ ನೆನೆದ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಗುತ್ತದೆ. ಕಾರು ನಿಲ್ಲುತ್ತದೆ ನಿಜ, ಆದರೆ ತನಗೆ ಮನಸ್ಸು ಬಂದಾಗ. ಗ್ಯಾರೇಜಿನವರು ಮೊದಲು "ಓಡಿಸುತ್ತ ಓಡಿಸುತ್ತ ಸೆಟ್ ಆಗುತ್ತದೆ ಸರ್" ಎಂದರು. ಆಮೇಲೆ "ಮಾಸ್ಟರ್ ಸಿಲಿಂಡರ್ ಹೋಗಿದೆ, ತಂದುಕೊಡಿ" ಎಂದರು. ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಭಾಗ ಅದು. ತಂದದ್ದೂ ಆಯಿತು, ಡಬ್ಬಿ ಹಿಂದಿನ ಸೀಟಿನಲ್ಲಿದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಒಂದಷ್ಟು ಓಡಬೇಕು, ಒಪ್ಪುತ್ತೇನೆ. ಅದರಿಂದ ಹಿಡಿತ ಹೆಚ್ಚೀತೇ ಹೊರತು ಪೈಪಿನೊಳಗೆ ಸೇರಿ ಪೆಡಲನ್ನು ಮೆತ್ತಗಾಗಿಸುವ ಗಾಳಿ ತಾನಾಗಿ ಎದ್ದು ಹೊರಗೆ ಬರುವುದಿಲ್ಲ. ರಜೆಗೆ ಬಂದಿರುವ ಅಕ್ಕನ ಮಗನನ್ನು ಹೆಬ್ರಿಗೆ ಬಿಟ್ಟು ಬರಬೇಕು. ಆಗುಂಬೆ ಘಾಟಿಯ 14 ತಿರುವುಗಳನ್ನು ಈ ಪೆಡಲ್ ನಂಬಿ ಇಳಿಯುವ ಧೈರ್ಯ ನನಗಿಲ್ಲ.

ಬೆಳಿಗ್ಗೆ ಮಳೆ ಹೊಳವಾದದ್ದೇ ತಡ, ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. ಮಾಸ್ಟರ್ ಸಿಲಿಂಡರಿನ ಡಬ್ಬಿ ಒಡೆಯುವ ಮೊದಲು ಪರೀಕ್ಷೆ ಮಾಡೋಣ ಎಂದು. ಸಾಮಾನು ಬದಲಿಸುತ್ತ ಹೋಗುವುದಕ್ಕೆ ಕೊನೆಯಿಲ್ಲ. ಪರೀಕ್ಷೆಗೆ ಕಾಸು ಖರ್ಚಿಲ್ಲ.

ಇಂಜಿನ್ ಆಫ್ ಇದ್ದಾಗಲೇ ಕೆಲವು ಬಾರಿ ತುಳಿದು ಬೂಸ್ಟರಿನಲ್ಲಿ (ಇಂಜಿನ್ನಿನ ವ್ಯಾಕ್ಯೂಮಿನಿಂದ ಪೆಡಲಿಗೆ ಬಲ ಕೂಡಿಸುವ ಭಾಗ) ಉಳಿದ ವ್ಯಾಕ್ಯೂಮ್ ಮುಗಿಸಿದೆ. ನಂತರ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ಕಾಲ ಕೆಳಗೆ ಅದು ನಿಧಾನವಾಗಿ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ, ಇಲ್ಲವೇ ಎಲ್ಲೋ ಆಯಿಲ್ ಸೋರುತ್ತಿದೆ ಎಂದರ್ಥ. ಇಳಿಯಲಿಲ್ಲ. ಎರಡು ಮೂರು ಸಲ ಬೇಗ ಬೇಗ ತುಳಿದರೆ ಪೆಡಲ್ ಮೇಲೆದ್ದು ಗಟ್ಟಿಯಾಗುತ್ತದೆ. ಇದಕ್ಕೆ ಗಾಳಿಯೂ ಕಾರಣವಾಗಬಹುದು, ಹಿಂದಿನ ಲೈನರ್ ಡ್ರಮ್ಮಿನಿಂದ ತುಂಬಾ ದೂರ ಉಳಿದದ್ದೂ ಆಗಬಹುದು. ಲೈನರ್ ದೂರವಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು ತುಳಿದಾಗ ಪೆಡಲ್ ಎತ್ತರದಲ್ಲೇ ಸಿಗಬೇಕು. ಎಳೆದೆ, ಏನೂ ವ್ಯತ್ಯಾಸವಾಗಲಿಲ್ಲ. ಅಲ್ಲಿಗೆ ಹಿಂದಿನ ಚಕ್ರಗಳ ಮೇಲಿನ ಸಂಶಯ ಮುಕ್ಕಾಲುಪಾಲು ಕಳೆಯಿತು.

ಆಮೇಲೆ ಹೋಸ್ ಅದುಮಿ ಆಯಿಲಿನ ದಾರಿ ಮುಚ್ಚುವ ಕ್ಲ್ಯಾಂಪ್. ರಬ್ಬರ್ ಹೋಸಿಗೆ ಗಾಯವಾಗದಂತೆ ಉರುಟು ಹಲ್ಲಿನದೇ ಬೇಕು, ಕಟಿಂಗ್ ಪ್ಲೇಯರ್ ಹಾಕಿದರೆ ಹೋಸೂ ಹೊಸದು ತರಬೇಕಾಗುತ್ತದೆ. ಮುಂದಿನ ಎರಡೂ ಹೋಸ್ ಅದುಮಿ ಹಿಡಿದಾಗ ಪೆಡಲ್ ಕಲ್ಲಾಯಿತು. ಮಾಸ್ಟರ್ ಸಿಲಿಂಡರ್ ನಿರಪರಾಧಿ. ಎಡಗಡೆಯದು ಬಿಟ್ಟರೆ ಮೆತ್ತಗೆ, ಬಲಗಡೆಯದು ಬಿಟ್ಟರೂ ಮೆತ್ತಗೆ. ಎರಡೂ ಕಡೆ ಒಂದೇ ಕಾಯಿಲೆ ಎಂದಾಗ ಬಿಡಿಭಾಗಕ್ಕಿಂತ ಜೋಡಣೆಯ ಮೇಲೆ ಅನುಮಾನ ಬರಬೇಕು.

ಚಕ್ರ ಬಿಚ್ಚಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರೆ, ಗಾಳಿ ಬಿಡುವ ನಿಪ್ಪಲ್ ಕ್ಯಾಲಿಪರಿನ ಕೆಳಗಡೆ ಇದೆ! ಅದಿರಬೇಕಾದದ್ದು ಮೇಲ್ತುದಿಯಲ್ಲಿ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕುಳಿತಿವೆ. ಎರಡೂ ಅವಳಿಗಳಂತಿರುವುದರಿಂದ ಬೋಲ್ಟು ಸಲೀಸಾಗಿ ಕೂಡುತ್ತದೆ, ಪ್ಯಾಡೂ ಹಿಡಿಯುತ್ತದೆ, ನಿಪ್ಪಲಿನ ಜಾಗ ಮಾತ್ರ ತಲೆಕೆಳಗು. ಗಾಳಿ ಆಯಿಲಿನ ಮೇಲೆ ಏರಿ ಪಿಸ್ಟನ್ನಿನ ಹಿಂದೆ ಮೇಲ್ಭಾಗದಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಕೆಳಗಿನ ನಿಪ್ಪಲಿನಿಂದ ದಿನವಿಡೀ ಬ್ಲೀಡ್ ಮಾಡಿದರೂ, ಅಂದರೆ ಗಾಳಿ ಹೊರಬಿಡಲು ಯತ್ನಿಸಿದರೂ, ಬರುವುದು ಶುದ್ಧ ಆಯಿಲೇ. "ಗಾಳಿಯೆಲ್ಲ ತೆಗೆದಿದ್ದೇವೆ" ಎಂದು ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ. ಅವರಿಗೆ ಗುಳ್ಳೆ ಕಂಡಿರಲಿಕ್ಕೇ ಇಲ್ಲ.

ಅದಲುಬದಲು ಮಾಡಿ ಕೂರಿಸಿದೆ. ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿದೆ, ಹಳೆಯದು ಒಮ್ಮೆ ಚಪ್ಪಟೆಯಾದ ಮೇಲೆ ಸೋರುವ ಸಂಭವ ಹೆಚ್ಚು. ಹುಡುಗ ಪೆಡಲಿನಲ್ಲಿ, ನಾನು ಚಕ್ರದ ಬಳಿ.

"ಒತ್ತು."

"ಒತ್ತಿದೆ ಮಾವ."

"ಹಿಡಿದುಕೋ. ನಾನು ಹೇಳುವವರೆಗೆ ಕಾಲೆತ್ತಬೇಡ."

ನಿಪ್ಪಲ್ ಕಾಲು ಸುತ್ತು ಬಿಚ್ಚಿದೊಡನೆ ಪಾರದರ್ಶಕ ಟ್ಯೂಬಿನಲ್ಲಿ ಮೊದಲು ಬಂದದ್ದು ಬರೀ ಗಾಳಿ, ಆಮೇಲೆ ನೊರೆ, ಅದರ ಹಿಂದೆ ಸಾಸಿವೆ ಗಾತ್ರದ ಗುಳ್ಳೆಗಳ ಸಾಲು. ನಿಪ್ಪಲ್ ಮುಚ್ಚುವ ಮೊದಲೇ ಕಾಲೆತ್ತಿದರೆ ಹೊರಗೆ ಹೋದ ಗಾಳಿ ಅದೇ ದಾರಿಯಲ್ಲಿ ಮರಳುತ್ತದೆ. ಹುಡುಗ ಚೆನ್ನಾಗಿ ಹಿಡಿದ, ಬೇಸರದ ಮುಖದಲ್ಲೇ ಆದರೂ. ನಡುವೆ ರಿಸರ್ವಾಯರಿಗೆ ಆಯಿಲ್ ತುಂಬುತ್ತಲೇ ಇರಬೇಕು. ಅದು ಬರಿದಾದರೆ ಮಾಸ್ಟರ್ ಸಿಲಿಂಡರೇ ಗಾಳಿ ಕುಡಿದು ಎಲ್ಲ ಮೊದಲಿನಿಂದ ಶುರು. ನಾಲ್ಕೂ ಚಕ್ರ ಮಾಡುವುದಿದ್ದರೆ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಆರಂಭಿಸುತ್ತೇನೆ. ಇವತ್ತು ಬಿಚ್ಚಿದ್ದು ಮುಂದಿನವು ಮಾತ್ರ, ಅಷ್ಟೇ ಸಾಕಾಯಿತು. ಮಡ್‌ಗಾರ್ಡ್ ಮೇಲೆ ಬಿದ್ದ ಹನಿಗಳನ್ನು ತಕ್ಷಣ ನೀರು ಹೊಯ್ದು ತೊಳೆದೆವು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ.

ಈಗ ಪೆಡಲ್ ಮೇಲೆಯೇ ಸಿಗುತ್ತದೆ, ಸಿಕ್ಕಲ್ಲೇ ನಿಲ್ಲುತ್ತದೆ. ಒತ್ತಿ ಹಿಡಿದು ಇಂಜಿನ್ ಚಾಲೂ ಮಾಡಿದಾಗ ಚೂರು ಇಳಿಯಿತು. ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ಖಾಲಿ ಮೈದಾನದಲ್ಲಿ ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ ಓಡಿಸಿ ನಿಲ್ಲಿಸಿ ನೋಡಿದೆ. ಯಾವ ಕಡೆಗೂ ಎಳೆಯಲಿಲ್ಲ. ಹೋಸಿನ ಬೋಲ್ಟುಗಳ ಬುಡ ಒಣಗಿಯೇ ಇದೆ.

ಉಳಿದ ಅರ್ಧ ಡಬ್ಬಿ ಆಯಿಲನ್ನು ಮುಂದಿನ ವರ್ಷಕ್ಕೆ ಎತ್ತಿಡುವುದಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳ ತೆರೆದ ಡಬ್ಬಿ ನೀರು ಹೀರದೆ ಇನ್ನೇನು ಮಾಡೀತು? ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಆಗ ಹುಟ್ಟುವ ಆವಿಯೂ ಪೆಡಲನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಇಳಿಯುವಾಗ ಎರಡನೇ ಗೇರ್, ಬ್ರೇಕಿಗೆ ಆದಷ್ಟು ಕಡಿಮೆ ಕೆಲಸ.

ಮಾಸ್ಟರ್ ಸಿಲಿಂಡರನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಂತೆ, ಫೋನಿನಲ್ಲಿ ಕೇಳಿದೆ. ಬಿಲ್ಲು ಬೇಕಂತೆ. ಅದೆಲ್ಲಿಟ್ಟಿದ್ದೇನೋ ಹುಡುಕಬೇಕು.