ನೈಸೀಯ ಸಭೆಗೂ ಮೊದಲೇ ಇದ್ದ ಮೂರು ಹೆಸರು

"ಟೀಚರ್, ತ್ರಿಯೇಕ ದೇವರು ಅನ್ನೋದನ್ನ 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಮಾಡಿಸಿದ್ದಂತ. ಖರೇ ಏನ್ರೀ?" ಬೆಳಗಾವಿ ಕ್ಯಾಂಪಿನ ನಮ್ಮ ಚರ್ಚಿನಲ್ಲಿ ದೊಡ್ಡ ಮಕ್ಕಳಿಗೆ ಸಂಡೇ ಸ್ಕೂಲ್ ತೆಗೆದುಕೊಳ್ಳುತ್ತೇನೆ. ತಂದೆ, ಮಗ, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರು ಅನ್ನುವುದೇ ತ್ರಿಯೇಕ ನಂಬಿಕೆ. ಮೊಬೈಲ್‌ನಲ್ಲಿ ಏನೋ ನೋಡಿ ಇದೇ ಪ್ರಶ್ನೆ ತರುತ್ತಾರೆ. ಅಲ್ಲ ಅಂದುಬಿಟ್ಟರೆ ಸಾಲದು, ತೋರಿಸಬೇಕು. ಅದಕ್ಕೇ ನಾನು ನೈಸೀಯದಿಂದ, ಅಂದರೆ ರೋಮಿನ ಆ ಚಕ್ರವರ್ತಿ 325ರಲ್ಲಿ ಕರೆದ ಬಿಷಪ್‌ಗಳ ಸಭೆಯಿಂದ, ಶುರು ಮಾಡುವುದಿಲ್ಲ. ಕ್ರೈಸ್ತ ವಿಶ್ವಾಸಕ್ಕೆ ಸೇರುವಾಗ ನೀರಿನಲ್ಲಿ ಕೊಡುವ ದೀಕ್ಷಾಸ್ನಾನದಿಂದ ಶುರು ಮಾಡುತ್ತೇನೆ.

ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಿ ಅಂತ ಯೇಸು ಹೇಳುವ ಬೈಬಲ್ ವಚನ, ಮತ್ತಾಯ 28:19, ಅವರಿಗೆ ಬಾಯಿಪಾಠ. ಅದರ ಪಕ್ಕದಲ್ಲಿ 'ದಿದಾಖೆ' ಇಡುತ್ತೇನೆ. ಇದೊಂದು ಪುಟ್ಟ ಗ್ರೀಕ್ ಪುಸ್ತಕ, ಆದಿ ಕ್ರೈಸ್ತರ ಕೈಪಿಡಿ. ಒಂದನೇ ಶತಮಾನದ ಕೊನೆಯದೋ ಎರಡನೆಯದರ ಶುರುವಿನದೋ ಇರಬೇಕು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅದರ ಸೂಚನೆ ಹೀಗಿದೆ: ಹರಿಯುವ ನೀರಿನಲ್ಲಿ ಸ್ನಾನ ಕೊಡಿ, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಇಲ್ಲವೇ? ತಲೆಯ ಮೇಲೆ ಮೂರು ಸಲ ಸುರಿಯಿರಿ, ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ. ಬೇಸಿಗೆಯಲ್ಲಿ ಮಾರ್ಕಂಡೇಯ ನದಿ ಸೊರಗುವುದನ್ನು ಕಂಡ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ನೀರಿಗೆ ಇಷ್ಟೆಲ್ಲ ರಿಯಾಯಿತಿ ಇದೆ. ಆ ಮೂರು ಹೆಸರು ಮಾತ್ರ ಅದೇ ಸೂಚನೆಯಲ್ಲಿ ಎರಡು ಸಲ ಬರುತ್ತವೆ.

ನನಗೆ ಇನ್ನೂ ಜಾಸ್ತಿ ಇಷ್ಟವಾದದ್ದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹರಿದ ಪಪೈರಸ್ ಹಾಳೆ (ಜೊಂಡಿನಿಂದ ಮಾಡಿದ ಕಾಗದ). ಮೂರನೇ ಶತಮಾನದ ಕೊನೆಯ ಕಾಲದ್ದು. ಒಂದು ಬದಿಯಲ್ಲಿ ಧಾನ್ಯದ ಲೆಕ್ಕ. ತಿರುಗಿಸಿದರೆ ಹಾಡು, ಅಕ್ಷರದ ಮೇಲೆ ಸ್ವರದ ಗುರುತುಗಳ ಸಮೇತ! ರವಿವಾರ ಪೇಟೆಯ ಯಾವುದೋ ಅಂಗಡಿಯ ಹಳೇ ಲೆಕ್ಕದ ಹಾಳೆಯ ಹಿಂದೆ ಭಜನೆ ಬರೆದಿಟ್ಟ ಹಾಗೆ. ನಾವು ತಂದೆ, ಮಗ, ಪವಿತ್ರಾತ್ಮನನ್ನು ಹಾಡುವಾಗ ಎಲ್ಲ ಶಕ್ತಿಗಳೂ "ಆಮೆನ್, ಆಮೆನ್" ಅನ್ನಲಿ ಅಂತ ಅದರಲ್ಲಿದೆ. ಇದನ್ನು ಹಾಡಿದವರಿಗೆ ಚಕ್ರವರ್ತಿಯ ಅಪ್ಪಣೆ ಎಲ್ಲಿತ್ತು?

ಹಾಗಂತ ಎಲ್ಲವೂ ಮೊದಲೇ ಬಗೆಹರಿದಿತ್ತು ಅಂತ ಮಕ್ಕಳಿಗೆ ಹೇಳಲಾರೆ. ದೇವರು ಒಬ್ಬನೇ ಅನ್ನುವ ಯೆಹೂದ್ಯರ ನಂಬಿಕೆಯಲ್ಲೇ ಬೆಳೆದವರು ಯೇಸುವಿಗೂ ಪ್ರಾರ್ಥಿಸುತ್ತಿದ್ದರು. ಎರಡೂ ಹೇಗೆ ಕೂಡುತ್ತವೆ ಅಂತ ಹೇಳುವುದು ಸುಲಭವಾಗಿರಲಿಲ್ಲ. ಮಗನೂ ಸೃಷ್ಟಿಯಾದವನೇ ಅಂತ ಈಜಿಪ್ಟಿನ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ಕಲಿಸಿದ. ನೈಸೀಯ ಸಭೆ ಅದನ್ನು ಒಪ್ಪಲಿಲ್ಲ. ಪವಿತ್ರಾತ್ಮನ ಬಗ್ಗೆ ಮಾತ್ರ ಆ ಸಭೆ ನಂಬುತ್ತೇವೆ ಅಂತಷ್ಟೇ ಹೇಳಿ ಮುಗಿಸಿತು.

ಮುಂದೆ ಸುಮಾರು 375ರಲ್ಲಿ ಕೈಸರೈಯದ ಬಿಷಪ್ ಬಾಸಿಲ್, ಆತ್ಮನಿಗೂ ಅದೇ ಸ್ತುತಿ ಸಲ್ಲಬೇಕು ಅಂತ ವಾದಿಸಿದಾಗ ಹಿಡಿದದ್ದು ಇದೇ ದೀಕ್ಷಾಸ್ನಾನವನ್ನು: ಯಾವ ಹೆಸರಿನಲ್ಲಿ ಸ್ನಾನವೋ ಅದರಂತೆ ನಂಬಿಕೆ, ಅದರಂತೆ ಸ್ತುತಿ. ತಂದೆ ಮತ್ತು ಮಗನ ಜೊತೆ ಆರಾಧನೆ ಪಡೆಯುವವನು ಅಂತ ನಾವು ಆತ್ಮನ ಬಗ್ಗೆ ಹೇಳುವ ಮಾತು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ವಿಶ್ವಾಸ ಪ್ರಮಾಣದ್ದು. ಆ ಹೊತ್ತಿಗೆ ಕಾನ್‌ಸ್ಟಂಟೈನ್ ತೀರಿಹೋಗಿ ನಲವತ್ತಕ್ಕೂ ಹೆಚ್ಚು ವರ್ಷವಾಗಿತ್ತು.